ಉಪ್ಪುನೀರಿನ ಮಿಡತೆಗಳು

ಎಲ್ಲಾ ತಾಪತ್ರಯಕ್ಕೂ ಮೂಲ ಎರಡು ಚೀಟಿ. ಒಂದು ಡಬ್ಬಿಯ ಮೇಲೆ 'ಹಾರ್ಮೋನು', ಇನ್ನೊಂದರ ಮೇಲೆ 'ಉಪ್ಪುನೀರು' ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದರು ಮಿಡತೆ ಮೇಷ್ಟ್ರು. ಪ್ರಯೋಗಾಲಯದಲ್ಲಿ ಅವರಿಗೆ ಅದೇ ಹೆಸರು.

ಮೂರು ವರ್ಷ ಕಂಪ್ಯೂಟರಿನ ಮುಂದೆ ಕೂತು, ಮಿಡತೆಯ ಜೀನೋಮಿನ ಕೋಟಿಗಟ್ಟಲೆ ಅಕ್ಷರಗಳನ್ನು ಜಾಲಾಡಿ, ಮೇಷ್ಟ್ರು ಒಂದು ಪುಟ್ಟ ಹಾರ್ಮೋನನ್ನು ಹೆಕ್ಕಿದ್ದರು. 'ಹೊಟ್ಟೆ ತುಂಬಿತು, ಸಾಕು' ಎಂದು ಮಿಡತೆಯ ಮಿದುಳಿಗೆ ಹೇಳುವುದು ಇದೇ ಎಂದು ಅವರ ಊಹೆ. ನಿನ್ನೆಯಿಂದ ಉಪವಾಸವಿದ್ದ ಹತ್ತು ಮಿಡತೆಗಳಿಗೆ ಅದನ್ನು ಚುಚ್ಚಿದ್ದಾಗಿತ್ತು. ಹೋಲಿಕೆಗೆಂದು ಹಾಗೇ ಉಪವಾಸವಿದ್ದ ಇನ್ನು ಹತ್ತಕ್ಕೆ ಬರೀ ಉಪ್ಪುನೀರು. ನಾಲ್ಕು ಗಂಟೆಗೆ ನಿರ್ದೇಶಕರ ಕಣ್ಣೆದುರು ಮೊದಲನೆಯವು ಎಲೆಕೋಸು ಮುಟ್ಟಬಾರದು, ಎರಡನೆಯವು ಮುಗಿಬೀಳಬೇಕು. ಇಲ್ಲದಿದ್ದರೆ ಈ ಕೆಲಸಕ್ಕೆ ಇವತ್ತೇ ಮಂಗಳ, ಮೇಜು ಪಕ್ಕದ ಕೋಣೆಯ ಜೇಡದ ಮೇಷ್ಟ್ರ ಪಾಲು. ಅವರಂತೂ ಬೆಳಗ್ಗೆಯೇ ಟೇಪು ಹಿಡಿದು ಬಂದಿದ್ದರು.

"ಬೇಜಾರು ಮಾಡ್ಕೋಬೇಡಿ, ಸುಮ್ನೆ ಅಳತೆ ನೋಡ್ತಿದೀನಿ."

ಆ ಪುಕಪುಕದಲ್ಲಿ ಮಿಡತೆ ಮೇಷ್ಟ್ರಿಗೂ ಊಟ ಸೇರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ನಿರ್ದೇಶಕರು ಬಂದು ಎರಡೂ ಡಬ್ಬಿಗೆ ಎಲೆಕೋಸು ಹಾಕಿದರು. ಹಾರ್ಮೋನಿನ ಮಿಡತೆಗಳು ಬರಗೆಟ್ಟವರ ಹಾಗೆ ಎರಗಿದವು. ಉಪ್ಪುನೀರಿನವು ಮದುವೆ ಊಟ ಮುಗಿಸಿದ ಬೀಗರಂತೆ ಮೂಲೆಗೊರಗಿ ಕೂತವು.

 ಮಿಡತೆ ಮೇಷ್ಟ್ರ ತಲೆ ಚಕ್ಕನೆ ಓಡಿತು. "ಸಾರ್, ಉಲ್ಟಾ! ಇದು ಸಾಕು ಅನ್ನೋ ಹಾರ್ಮೋನಲ್ಲ, ಬೇಕು ಅನ್ನೋದು! ಉಪವಾಸಕ್ಕೆ ಅವು ಸುಸ್ತಾಗಿ ಬಿದ್ದಿವೆ, ಹಾರ್ಮೋನು ಸಿಕ್ಕವು ಹೇಗೆ ತಿಂತಿವೆ ನೋಡಿ!"

"ಭೇಷ್!" ನಿರ್ದೇಶಕರು ಬೆನ್ನು ತಟ್ಟಿದರು. "ಇನ್ನೆರಡು ವರ್ಷ ಮೇಜು ನಿಮ್ಮದೇ."

ಜೇಡದ ಮೇಷ್ಟ್ರು ಟೇಪು ಸುತ್ತಿಕೊಂಡರು. ಅಷ್ಟರಲ್ಲಿ ನೆಲ ಒರೆಸುವ ಅಕ್ಕ ಬಕೆಟ್ಟಿನೊಂದಿಗೆ ಒಳಗೆ ಬಂದರು.

"ಅಯ್ಯೋ, ಇವಕ್ಕೆ ಮತ್ತೆ ಹಾಕಿದ್ರಾ? ಆಗ್ಲೇ ನನ್ನ ಊಟದ ಸೌತೆಕಾಯಿ ಪೂರ್ತಿ ತಿಂದಿದಾವೆ!"

"ಯಾವ ಡಬ್ಬಿಯವು ಅಕ್ಕಾ?" ಮಿಡತೆ ಮೇಷ್ಟ್ರು ಎರಡೂ ಡಬ್ಬಿಯತ್ತ ಬೆರಳು ತೋರಿದರು.

"ಇದೇ, ಉಪ್ಪುನೀರಿಂದು. ಪಾಪ, ಬರೀ ಉಪ್ಪುನೀರಲ್ಲಿ ಎಷ್ಟು ದಿನ ಅಂತ ಜೀವ ಹಿಡ್ಕೊಂಡಿರ್ತಾವೆ? ಪಕ್ಕದವಕ್ಕೆ ನೀವು ಟಾನಿಕ್ಕು ಕೊಟ್ಟಿದ್ರಲ್ಲ, ಅದಕ್ಕೆ ಬಿಟ್ಟೆ."



"ಅಂದ್ರೆ," ನಿರ್ದೇಶಕರು ಕನ್ನಡಕ ತೆಗೆದರು, "ಹಸಿದವು ತಿಂದ್ವು, ಹೊಟ್ಟೆ ತುಂಬಿದವು ತಿನ್ಲಿಲ್ಲ."

"ಇಷ್ಟನ್ನ ನನ್ನ ಕೇಳಿದ್ರೆ ಮೂರು ವರ್ಷದ ಹಿಂದೇನೇ ಹೇಳ್ತಿದ್ನಲ್ಲ!" ಎಂದರು ಅಕ್ಕ.

ಟೇಪು ಸರ್ರೆಂದು ಮತ್ತೆ ಬಿಚ್ಚಿಕೊಂಡಿತು. ಮಿಡತೆ ಮೇಷ್ಟ್ರಿಗೆ ಮಾತ್ರ ಬೆಳಗಿನಿಂದ ಕಾಡಿದ ಪುಕಪುಕ ಹೋಗಿ, ಎಂಥದೋ ನಿರಾಳವಾಗಿ, ಒಳ್ಳೆಯ ಹಸಿವಾಯಿತು. ಉಳಿದಿದ್ದ ಎಲೆಕೋಸು ಕಿತ್ತು ಖುಷಿಯಾಗಿ ಅಗಿಯತೊಡಗಿದರು.

"ಸಾರ್, ಈ ತುದಿ ಸ್ವಲ್ಪ ಹಿಡ್ಕೋತೀರಾ?" ಎಂದರು ಜೇಡದ ಮೇಷ್ಟ್ರು.

ಮಿಡತೆ ಮೇಷ್ಟ್ರು ಹಿಡಿದುಕೊಂಡರು.