ಪರಿಚಯದ ಕೋಳಿ

ಕೋಳಿಯಣ್ಣನ ತಾಪತ್ರಯಕ್ಕೆಲ್ಲ ಮೂಲ ಇಷ್ಟೇ: ಒಂದು ಕೋಳಿ ಅವನ ಎಡಗಾಲಿನ ಮೇಲೆ ಕೂತು ನಿದ್ದೆ ಹೋಯಿತು.

ಇದು ನಡೆದದ್ದು ಮೂರು ದಿನದ ಹಿಂದೆ, ಗಿರಾಕಿ ಇಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ. ಪಂಜರದ ಅಗುಳಿ ಸರಿಯಾಗಿ ಬೀಳದೆ ಒಂದು ಕಂದು ಕೋಳಿ ಹೊರಗೆ ಬಂತು. ಅಂಗಡಿಯೆಲ್ಲ ಸುತ್ತಿ, ತಕ್ಕಡಿ ಹತ್ತಿ ಇಳಿದು, ಕೊನೆಗೆ ಕುರ್ಚಿಯಲ್ಲಿ ಕೂತಿದ್ದ ಕೋಳಿಯಣ್ಣನ ಪಾದದ ಮೇಲೆ ಬೆಚ್ಚಗೆ ಕುಕ್ಕರಿಸಿತು. ಕೆಳರೆಪ್ಪೆಯನ್ನು ಮೇಲಕ್ಕೆಳೆದುಕೊಂಡು ಮಲಗಿಯೇಬಿಟ್ಟಿತು. ಹದಿನೆಂಟು ವರ್ಷದಿಂದ ಕೋಳಿ ಅಂಗಡಿ ನಡೆಸುತ್ತಿದ್ದ ಆಸಾಮಿ ಅವನು. ಎಷ್ಟು ಸಾವಿರ ಕತ್ತು ಅವನ ಕೈಯಲ್ಲಿ ಹಾದುಹೋಗಿದ್ದವೋ, ಲೆಕ್ಕ ಇಟ್ಟವರಿಲ್ಲ. ಆದರೆ ಒಂದು ಕೋಳಿಯೂ ಅವನನ್ನು ಹೀಗೆ ನಂಬಿರಲಿಲ್ಲ. ಒಂದೂವರೆ ಗಂಟೆ ಅವನು ಅಲುಗಾಡದೆ ಕೂತ. ಕೋಳಿ ಎದ್ದು ಹೋದ ಮೇಲೆ ಕಾಲಿನ ಜೋಮು ಬಿಟ್ಟಿತು, ಎದೆಯೊಳಗಿನದು ಬಿಡಲಿಲ್ಲ.

ಅಂದು ಊಟಕ್ಕೆ ಕೂತಾಗ ತಟ್ಟೆಯಲ್ಲಿದ್ದ ಕೋಳಿಸಾರನ್ನೇ ನೋಡುತ್ತ ಉಳಿದ.

"ಏನಾಯ್ತು? ಹಲ್ಲುನೋವಾ?" ಎಂದಳು ಹೆಂಡತಿ.

"ಅಲ್ಲ ಕಣೇ. ಇನ್ಮೇಲೆ ನಾನು ತಿನ್ನಲ್ಲ. ಕಡಿಯೋದೂ ಇಲ್ಲ. ಅವಕ್ಕೂ ನಮ್ಮ ಹಾಗೇ ಮನಸ್ಸಿದೆ."

"ತಿನ್ನೋದು ಬಿಟ್ರೆ ನನಗೇ ಒಂದು ಕೆಲಸ ಕಮ್ಮಿ. ಆದ್ರೆ ಕಡಿಯೋದು ಬಿಡೋ ವಿಷಯ ನಮ್ಮಪ್ಪನ ಹತ್ರ ಮಾತಾಡಿ. ಅಂಗಡಿ ಅವರದ್ದು."

ಕಂದು ಕೋಳಿಯನ್ನು ಅವಳು ಮನೆಯಲ್ಲೇ ಉಳಿಸಿಕೊಂಡಳು. ಒಂದು ಕೋಳಿಯ ಸಮಸ್ಯೆ ಅಲ್ಲಿಗೆ ಮುಗಿಯಿತು. ಅಂಗಡಿಯಲ್ಲಿ ಇನ್ನೂ ಮೂವತ್ತು ಇದ್ದವು.

ಮಾವನಿಗೆ ಇದ್ದದ್ದು ಎರಡು ಆಸ್ತಿ: ಈ ಕೋಳಿ ಅಂಗಡಿ, ಮತ್ತು ಪಕ್ಕದ ಬೀದಿಯಲ್ಲಿ ಒಂದು ಹಿಟ್ಟಿನ ಗಿರಣಿ. ಗಿರಣಿ ನೋಡಿಕೊಳ್ಳುತ್ತಿದ್ದ ಮುದುಕ ಕೆಲಸ ಬಿಟ್ಟು ತಿಂಗಳಾಗಿತ್ತು. ಗೋಧಿ ಕಾಲ ಮೇಲೆ ಬಂದು ಮಲಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಕೋಳಿಯಣ್ಣನಿಗೆ ಆ ಗಿರಣಿ ಸ್ವರ್ಗದ ಹಾಗೆ ಕಾಣತೊಡಗಿತ್ತು. ರಜೆಯ ದಿನ ಬೆಳಗ್ಗೆ ಮಾವ ಅಂಗಡಿಗೆ ಬಂದಾಗ ಧೈರ್ಯ ಮಾಡಿ ಬಾಯಿ ಬಿಟ್ಟ.

"ಮಾವ, ಅಂಗಡಿ ಮುಚ್ಚೋಣ. ಗಿರಣಿ ನನಗೆ ಕೊಡಿ. ಕೋಳಿಗಳ ಮನಸ್ಸು ನೋಯಿಸೋಕೆ ನನ್ನಿಂದ ಇನ್ನು ಆಗಲ್ಲ."

ಮಾವ ಅಳಿಯನ ಮುಖ ನೋಡಿದರು. "ಕೋಳಿ ಕೇಳಿ ಮಸಾಲೆ ಅರೀತಾರಾ ಅಳಿಯಂದ್ರೇ?"

"ಕೇಳ್ಬೇಕಿತ್ತು ಮಾವ. ಯಾರೂ ಕೇಳಿಲ್ಲ, ಅದಕ್ಕೇ ಹೀಗಾಗಿರೋದು. ತಿಳಿಸಿ ಹೇಳಿದ್ರೆ ಜನಾನೂ ಬಿಡ್ತಾರೆ. ಅವರಿಗೂ ಮನಸ್ಸಿದೆ."

ಮಾವ ವ್ಯಾಪಾರಿ. ವಾದ ಮಾಡಲಿಲ್ಲ, ಷರತ್ತು ಹಾಕಿದರು. "ಸರಿ. ಇವತ್ತೊಂದಿನ ತಿಳಿಸಿ ಹೇಳಿ. ಬಾಗಿಲು ಹಾಕಬಾರದು, ಗಿರಾಕಿಗೆ ಇಲ್ಲ ಅನ್ನಬಾರದು, ಸುಳ್ಳು ಹೇಳಬಾರದು. ಸಂಜೆ ಆರಕ್ಕೆ ಬರ್ತೀನಿ. ಪಂಜರದಲ್ಲಿ ಅರ್ಧದಷ್ಟು ಕೋಳಿ ಉಳಿದಿದ್ರೂ ಗಿರಣಿ ಬೀಗದಕೈ ನಿಮ್ಮ ಕೈಗೆ. ಪಂಜರ ಖಾಲಿಯಾಗಿದ್ರೆ ಮಾತ್ರ, ಕೋಳಿ ಮನಸ್ಸು ಅನ್ನೋ ಮಾತು ಜನ್ಮದಲ್ಲಿ ನನ್ನ ಮುಂದೆ ಎತ್ತಬಾರದು."

ಕೋಳಿಯಣ್ಣ ಎರಡೂ ಕೈ ಚಾಚಿ ಒಪ್ಪಿಕೊಂಡ. ವ್ಯಾಪಾರ ಆಗದಿರಲಿ ಎಂದು ದೇವರಲ್ಲಿ ಬೇಡಿಕೊಂಡು ಬಾಗಿಲು ತೆರೆದ ಅಂಗಡಿಯವನು ಆ ಊರಿನಲ್ಲಿ ಬಹುಶಃ ಅವನೊಬ್ಬನೇ.

ಮೊದಲು ಬಂದವರು ಶಾಲೆಯ ಲೆಕ್ಕದ ಮೇಡಮ್. ಸಂಜೆ ಏಳಕ್ಕೆ ಅವರ ಮನೆಗೆ ನೆಂಟರು ಬರುವವರಿದ್ದರು. ಪಂಜರದ ಮೂಲೆಯ ಬಿಳಿ ಕೋಳಿಯತ್ತ ಬೆರಳು ತೋರಿಸಿದರು.

"ಮೇಡಮ್, ಅದನ್ನ ತಗೊಳ್ಳೋ ಮುಂಚೆ ಒಂದು ಮಾತು," ಎಂದ ಕೋಳಿಯಣ್ಣ, ಗಂಟಲು ಸರಿಮಾಡಿಕೊಂಡು. "ಅದಕ್ಕೆ ಪಕ್ಕದಲ್ಲಿರೋ ಚುಕ್ಕೆ ಕೋಳಿ ಅಂದ್ರೆ ಪ್ರಾಣ. ಬಂದ ದಿನದಿಂದ ಒಂದನ್ನ ಬಿಟ್ಟು ಒಂದು ಇದ್ದದ್ದೇ ಇಲ್ಲ. ಇದು ಹೋದ್ರೆ ಅದು ಕಾಳು ಮುಟ್ಟಲ್ಲ."

ಮೇಡಮ್ ಮುಖ ಕರಗಿಹೋಯಿತು. "ಅಯ್ಯೋ, ಹೌದಾ? ಪಾಪ!"

ಕೋಳಿಯಣ್ಣ ಒಳಗೊಳಗೇ ಹಿಗ್ಗಿದ.

"ಹಾಗಾದ್ರೆ ಎರಡೂ ಕೊಟ್ಬಿಡಿ," ಎಂದರು ಮೇಡಮ್. "ಅಗಲಿಸಿದ ಪಾಪ ನಮಗ್ಯಾಕೆ?"

ಅಷ್ಟರಲ್ಲಿ ಹಿಂದೆಯೇ ನಿಂತಿದ್ದ ಎದುರಂಗಡಿಯ ಟೈಲರ್ ಮುಂದೆ ಬಂದ. ಕೋಳಿಯಣ್ಣ ಅವನಿಗೆ, "ಈ ಕೆಂಪು ಕೋಳಿ ಬೆಳಗ್ಗೆಯಿಂದ ಬೇಜಾರಲ್ಲಿದೆ ಕಣಪ್ಪ, ಉಳಿದವಕ್ಕೆಲ್ಲ ಬೆನ್ನು ಹಾಕ್ಕೊಂಡು ಕೂತಿದೆ," ಎಂದ.

"ಬೇಜಾರಲ್ಲಿರೋದು ನನಗ್ಯಾಕೆ? ಖುಷಿಯಾಗಿರೋದು ಕೊಡು," ಎಂದ ಟೈಲರ್. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ, "ನೋಡಿ, ಅಂಗಡಿಯವನು ಅಂದ್ರೆ ಹೀಗಿರಬೇಕು! ಇದ್ದದ್ದು ಇದ್ದ ಹಾಗೆ ಹೇಳ್ತಾನೆ. ಬೇರೆಯವರಾಗಿದ್ರೆ ಬೇಜಾರಿನ ಕೋಳಿ ನಮ್ಮ ತಲೆಗೆ ಕಟ್ಟಿರೋರು!" ಎಂದು ಹೊಗಳಿದ.

ಪಕ್ಕದ ಕಟಿಂಗ್ ಶಾಪಿನವನಿಗೆ ಇಷ್ಟು ಕೇಳಿಸಿದ್ದೇ ಸಾಕಾಯಿತು. ಊರಿನ ತಲೆಗಳೆಲ್ಲ ಅವನ ಕೈಯಲ್ಲಿದ್ದವು. ಒಂದೊಂದು ತಲೆ ಬಗ್ಗಿಸಿದಾಗಲೂ, "ಕೋಳಿಯಣ್ಣ ಒಂದೊಂದು ಕೋಳಿಯ ಜಾತಕಾನೇ ಹೇಳ್ತಾನೆ, ಹೋಗಿ ಕೇಳಿ," ಎಂದು ಕಿವಿಯಲ್ಲಿ ಊದಿದ. ಕತ್ತರಿ ಕಿವಿಯ ಹತ್ತಿರವೇ ಆಡುವಾಗ ಯಾರು ತಾನೇ ಇಲ್ಲ ಅಂದಾರು? ಅರ್ಧ ಗಂಟೆಯಲ್ಲಿ ಅಂಗಡಿ ಮುಂದೆ ಸಾಲು ನಿಂತಿತು.

ಒಳಗೆ ಮೇಡಮ್ ಅವರ ಬಿಳಿ ಕೋಳಿ ಕೊರಡಿನ ಮೇಲಿತ್ತು. ಕೋಳಿಯಣ್ಣ ಕತ್ತಿ ಎತ್ತಿದ. ಕೋಳಿ ಒಂದು ಕಣ್ಣಲ್ಲಿ ಅವನನ್ನು ನೋಡಿತು, ತಲೆ ತಿರುಗಿಸಿ ಇನ್ನೊಂದು ಕಣ್ಣಲ್ಲೂ ನೋಡಿತು. ಅವನ ಕೈ ಇಳಿಯಿತು. ಅದೇ ಗಳಿಗೆಯಲ್ಲಿ ತಲೆಗೆ ಒಂದು ಉಪಾಯ ಹೊಳೆಯಿತು. ನನ್ನಂಥ ಕಟುಕನನ್ನೇ ಒಂದೂವರೆ ಗಂಟೆಯಲ್ಲಿ ಬದಲಾಯಿಸಿದ ಕೋಳಿ, ಸಂಜೆಯವರೆಗೆ ಜೊತೆಗಿದ್ದರೆ ಇವರನ್ನು ಬಿಟ್ಟೀತೇ?

ಹೊರಗೆ ಬಂದು ಸಾಲಿಗೆಲ್ಲ ಕೇಳುವಂತೆ ಹೇಳಿದ. "ಇವತ್ತು ನನ್ನ ಅಂಗಡೀಲಿ ಹೊಸ ಪದ್ಧತಿ. ಕೋಳಿನ ಜೀವಂತ ಮನೆಗೆ ತಗೊಂಡು ಹೋಗಿ. ಕೈಯಾರೆ ನೀರು ಕೊಡಿ, ಕಾಳು ಹಾಕಿ, ಒಂದು ಹೆಸರಿಡಿ, ಎರಡು ಮಾತಾಡಿ. ಅಷ್ಟಾದ ಮೇಲೂ ತಿನ್ನಬೇಕು ಅನ್ನಿಸಿದ್ರೆ ಸಂಜೆ ಆರಕ್ಕೆ ತನ್ನಿ, ನಾನೇ ಕಡಿದು ಕೊಡ್ತೀನಿ. ಬೇಡ ಅನ್ನಿಸಿದ್ರೆ ವಾಪಸ್ ತನ್ನಿ, ಖುಷಿಯಿಂದ ತಗೊಳ್ತೀನಿ."

ಜನರಿಗೆ ಇದು ಬಹಳ ಹಿಡಿಸಿತು. ರಜೆಯ ದಿನ, ಮನೆಯಲ್ಲಿ ಕೂತು ಮಾಡುವುದಾದರೂ ಏನು? ಕಟಿಂಗ್ ಶಾಪಿನವನೂ ಗಿರಾಕಿಯ ಅರ್ಧ ಮೀಸೆ ಹಾಗೇ ಬಿಟ್ಟು ಬಂದು ಒಂದು ಕೋಳಿ ಹಿಡಿದುಕೊಂಡು ಹೋದ. ಹನ್ನೊಂದು ಗಂಟೆಯ ಹೊತ್ತಿಗೆ ಮೂವತ್ತೂ ಕೋಳಿ ಬೀದಿಯ ಮನೆಗಳಿಗೆ ನೆಂಟರಾಗಿ ಹೋಗಿದ್ದವು.

ಊಟ ತಂದ ಹೆಂಡತಿ ಖಾಲಿ ಪಂಜರ ನೋಡಿ ಹಣೆ ಚಚ್ಚಿಕೊಂಡಳು. "ಪಂಜರ ಖಾಲಿಯಾದ್ರೆ ಸೋತ ಹಾಗೆ ಅಂತ ಅಪ್ಪ ಹೇಳಿದ್ರಂತೆ. ನೀವೇ ಕೈಯಾರೆ ಖಾಲಿ ಮಾಡ್ಕೊಂಡು ನಗ್ತಾ ಕೂತಿದ್ದೀರಲ್ಲ!"

"ಬರ್ತಾವೆ ಕಣೇ. ಒಂದೂ ಬಿಡದ ಹಾಗೆ ವಾಪಸ್ ಬರ್ತಾವೆ. ನೋಡ್ತಿರು."

ಊಟ ಮಾಡಿ ಬೀದಿಯಲ್ಲಿ ಒಂದು ಸುತ್ತು ಹೊರಟ. ಒಂದೊಂದು ಮನೆಯ ಮುಂದೆಯೂ ನಿಂತು ಕೋಳಿಯ ಕ್ಷೇಮ ವಿಚಾರಿಸಿದ. ಟೈಲರ್ ಅಂಗಡಿಯಲ್ಲಿ ಕೋಳಿ ಬಟ್ಟೆ ಚೂರುಗಳ ಗುಡ್ಡೆಯ ಮೇಲೆ ಮಲಗಿತ್ತು. ಅದರ ನಿದ್ದೆ ಕೆಡಬಾರದೆಂದು ಟೈಲರ್ ಮೆಷಿನ್ ನಿಲ್ಲಿಸಿ ಕೈಯಲ್ಲಿ ಹೊಲಿಯುತ್ತಿದ್ದ. "ಇವಳ ಹೆಸರು ಕಾಲರ್," ಎಂದು ಪಿಸುಗುಟ್ಟಿದ. "ಕತ್ತಿನ ಸುತ್ತ ಬಿಳಿ ಪಟ್ಟೆ ಇದೆ ನೋಡು. ಕೆರೆದ್ರೆ ಕಣ್ಣು ಮುಚ್ಕೊಳ್ತಾಳೆ." ಕಟಿಂಗ್ ಶಾಪಿನಲ್ಲಿ ರಾಣಿ ಎಂಬ ಕೋಳಿ ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕೂತು ತನ್ನನ್ನೇ ನೋಡಿಕೊಳ್ಳುತ್ತಿತ್ತು, ಅರ್ಧ ಮೀಸೆಯ ಗಿರಾಕಿ ಬೆಂಚಿನ ಮೇಲೆ ಕಾಯುತ್ತಿದ್ದ. ಲೆಕ್ಕದ ಮೇಡಮ್ ತಮ್ಮ ಜೋಡಿಗೆ ಕೂಡು, ಕಳೆ ಎಂದು ಹೆಸರಿಟ್ಟಿದ್ದರು. ಅವರು ಉತ್ತರಪತ್ರಿಕೆ ತಿದ್ದುತ್ತಿದ್ದರೆ ಕಳೆ ಕೆಂಪು ಪೆನ್ನನ್ನು ಕುಕ್ಕುತ್ತಿತ್ತು. "ನನಗಿಂತ ಬೇಗ ತಪ್ಪು ಹುಡುಕುತ್ತೆ," ಎಂದರು ಮೇಡಮ್, ಹೆತ್ತ ತಾಯಿಯ ಹೆಮ್ಮೆಯಿಂದ.

ಮೂವತ್ತು ಕೋಳಿಗಳ ಮೂವತ್ತು ಹೆಸರನ್ನೂ ಕೇಳಿ ತಿಳಿದುಕೊಂಡು ಕೋಳಿಯಣ್ಣ ಅಂಗಡಿಗೆ ಮರಳಿದ. ಜನ ಇಷ್ಟು ಒಳ್ಳೆಯವರೆಂದು ಅವನಿಗೆ ಹದಿನೆಂಟು ವರ್ಷದಲ್ಲಿ ಗೊತ್ತೇ ಇರಲಿಲ್ಲ. ಕಣ್ಣು ಒದ್ದೆಯಾಯಿತು. ಸಂತೋಷಕ್ಕೆ ಖಾಲಿ ಪಂಜರಗಳನ್ನೆಲ್ಲ ತೊಳೆದು, ಹೊಸ ಹುಲ್ಲು ಹಾಸಿಟ್ಟ.

ಆರು ಹೊಡೆಯಿತು. ಮಾವ ಬಂದರು. ಪಂಜರಗಳನ್ನು ಒಂದೊಂದಾಗಿ ಬಗ್ಗಿ ನೋಡಿದರು. "ಮೂವತ್ತೂ ಹೋಯ್ತು! ಭಲೇ ಅಳಿಯಂದ್ರೇ! ಕರುಣೆ ಇಟ್ಕೊಂಡೇ ಇಷ್ಟು ವ್ಯಾಪಾರ!"

"ಐದೇ ನಿಮಿಷ ಇರಿ ಮಾವ," ಎಂದ ಕೋಳಿಯಣ್ಣ.

ಬೀದಿಯ ತುದಿಯಲ್ಲಿ ಮೊದಲು ಮೇಡಮ್ ಕಾಣಿಸಿದರು, ಎರಡೂ ಕಂಕುಳಲ್ಲಿ ಒಂದೊಂದು ಕೋಳಿ. ಹಿಂದೆ ಟೈಲರ್. ಅವನ ಹಿಂದೆ ಕಟಿಂಗ್ ಶಾಪಿನವನು, ಅವನ ಹಿಂದೆ ಇಡೀ ಬೀದಿ.

"ಆಗಲ್ಲಪ್ಪ," ಎಂದರು ಮೇಡಮ್, ಕಣ್ಣು ತುಂಬಿಕೊಂಡು. "ಕೂಡು, ಕಳೆನ ನಾನು ತಿನ್ನೋದು? ನನ್ನ ಕೈಯಲ್ಲಿ ಸಾಧ್ಯಾನೇ ಇಲ್ಲ. ತಗೊಳ್ಳಿ ವಾಪಸ್."

"ಕಾಲರ್‌ನ ಕಡಿಯೋದಕ್ಕಿಂತ ನನ್ನ ಕೈನೇ ಕಡ್ಕೊಳ್ತೀನಿ," ಎಂದ ಟೈಲರ್.

ಒಬ್ಬೊಬ್ಬರಾಗಿ ಮುದ್ದಿಸಿ, ಬೆನ್ನು ಸವರಿ, ಕೋಳಿಗಳನ್ನು ಪಂಜರದೊಳಗೆ ಬಿಟ್ಟರು. ಕೋಳಿಯಣ್ಣ ಗಟ್ಟಿಯಾಗಿ ಎಣಿಸಿದ. ಮೂವತ್ತಕ್ಕೆ ಮೂವತ್ತು! ಮಾವನ ಮುಖ ಹುಳ್ಳಗಾಯಿತು. ಆದರೆ ಮಾತಿಗೆ ತಪ್ಪುವ ಜನ ಅಲ್ಲ ಅವರು. ಜೇಬಿಗೆ ಕೈ ಹಾಕಿ ಗಿರಣಿಯ ಬೀಗದಕೈ ತೆಗೆದರು. ಕೋಳಿಯಣ್ಣ ಅಂಗೈ ಚಾಚಿದ.

ಮೇಡಮ್ ಕಣ್ಣೊರೆಸಿಕೊಂಡು ಕರವಸ್ತ್ರ ಮಡಚಿದರು. "ಸರಿ, ಈಗ ಬೇರೆ ಎರಡು ಕೊಡಿ."

"ಬೇರೆ ಎರಡು ಏನು?"

"ಬೇರೆ ಕೋಳಿ. ಪರಿಚಯ ಇಲ್ಲದ್ದು. ಏಳಕ್ಕೆ ನೆಂಟರು ಬಂದ್ಬಿಡ್ತಾರೆ."

ಕೋಳಿಯಣ್ಣನ ಚಾಚಿದ ಕೈ ಅಲ್ಲೇ ನಿಂತಿತು. "ಬೇರೆ ಇಲ್ಲ ಮೇಡಮ್. ಇರೋದೆಲ್ಲ ನಿಮ್ಮ ನಿಮ್ಮವೇ."

ಟೈಲರ್ ಬಗ್ಗಿ ಪಂಜರದೊಳಗೆ ಇಣುಕಿದ. "ಆ ದೊಡ್ಡ ಜುಟ್ಟಿನದ್ದು ಯಾರದ್ದು?"

"ನಂದು," ಎಂದ ಕಟಿಂಗ್ ಶಾಪಿನವನು. "ಅದರ ಹೆಸರು..."

"ಹೇಳ್ಬೇಡ, ಹೇಳ್ಬೇಡ! ನನಗೆ ಗೊತ್ತಿಲ್ಲ ತಾನೇ? ಹಾಗಾದ್ರೆ ಅದು ನನಗೆ ಆಗುತ್ತೆ."

ಕಟಿಂಗ್ ಶಾಪಿನವನು ಗಲ್ಲ ಕೆರೆದುಕೊಂಡ. "ಹಾಗಾದ್ರೆ ನಿಂದು ನನಗೆ. ನನಗೂ ಅದರ ಗುರುತಿಲ್ಲ."

ಮುಂದಿನದನ್ನು ಮೇಡಮ್ ವಹಿಸಿಕೊಂಡರು. ಎಷ್ಟಾದರೂ ಲೆಕ್ಕ ಬಲ್ಲವರು. "ಗಲಾಟೆ ಬೇಡ, ಸಾಲಾಗಿ ನಿಲ್ಲಿ. ಮೊದಲನೇ ಮನೆಯವರು ಎರಡನೇ ಮನೆಯದ್ದು ತಗೊಳ್ಳಿ, ಎರಡನೇ ಮನೆಯವರು ಮೂರನೇದ್ದು. ಕೊನೇ ಮನೆಯವರು ಮೊದಲನೇದ್ದು. ಯಾರಿಗೂ ಪರಿಚಯದ ಕೋಳಿ ಬರಲ್ಲ, ಯಾರ ಮನಸ್ಸೂ ನೋಯಲ್ಲ." ಹತ್ತು ನಿಮಿಷದಲ್ಲಿ ಮೂವತ್ತು ಕೋಳಿಗೂ ಹೊಸ ಯಜಮಾನರಾದರು. ಪಂಜರಗಳಲ್ಲಿ ಹೊಸ ಹುಲ್ಲು ಮಾತ್ರ ಉಳಿಯಿತು.

ಮಾವ ಬೀಗದಕೈಯನ್ನು ಮೆಲ್ಲಗೆ ಜೇಬಿಗೆ ಇಳಿಬಿಟ್ಟು ಅಳಿಯನ ಬೆನ್ನು ತಟ್ಟಿದರು. "ನೀವು ಹೇಳಿದ್ದು ನಿಜ ಅಳಿಯಂದ್ರೇ, ಜನಕ್ಕೆ ಮನಸ್ಸಿದೆ. ನಾಳೆಯಿಂದ ಅರವತ್ತು ತರಿಸ್ತೀನಿ. ಮೂವತ್ತು ಪರಿಚಯಕ್ಕೆ, ಮೂವತ್ತು ಅಡುಗೆಗೆ."

"ಸಂಜೆ ನೀವೇ ಕಡಿದು ಕೊಡ್ತೀನಿ ಅಂದಿದ್ರಲ್ಲ," ಎಂದು ಸಾಲಿನಿಂದ ಯಾರೋ ನೆನಪಿಸಿದರು. ಕೋಳಿಯಣ್ಣ ಕೊರಡಿನ ಹಿಂದೆ ಹೋಗಿ ನಿಂತ. ತಂತಮ್ಮ ಕೈಯಲ್ಲಿದ್ದ ಕೋಳಿಯ ಹೆಸರು ಸಾಲಿನಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ಅವನಿಗೆ ಮೂವತ್ತೂ ಗೊತ್ತಿದ್ದವು. ಅಳು ಬಂತು, ಅಳುವುದಕ್ಕೂ ಬಿಡುವಿರಲಿಲ್ಲ.

ಮೊದಲು ಬಂದವನು ಕಟಿಂಗ್ ಶಾಪಿನವನು. ಅವನ ಕೈಯಲ್ಲಿ ಕಾಲರ್. ಕೋಳಿಯಣ್ಣನನ್ನು ಕಂಡು ಅದು ಸಣ್ಣಗೆ ಕೊಕ್ ಎಂದಿತು, ಕತ್ತು ಚಾಚಿತು. ಅವನ ಬೆರಳು ತಾನಾಗಿಯೇ ಬಿಳಿ ಪಟ್ಟೆಯ ಹತ್ತಿರ ಹೋಗಿ ಕೆರೆಯಿತು. ಕಾಲರ್ ಕಣ್ಣು ಮುಚ್ಚಿಕೊಂಡಿತು.

"ಬೇಗ ಬೇಗ ಮಾಡೋ ಮಾರಾಯ," ಎಂದ ಕಟಿಂಗ್ ಶಾಪಿನವನು, ಮುಖ ಆ ಕಡೆ ತಿರುಗಿಸಿಕೊಂಡು. "ಇನ್ನೊಂದು ನಿಮಿಷ ಹಿಡ್ಕೊಂಡಿದ್ರೆ ನನಗೂ ಪರಿಚಯ ಆಗಿಬಿಡುತ್ತೆ."