ಎರಡೂ ಪಕ್ಷಕ್ಕೆ ಒಂದೇ ಸಮನೆ ತಿರುಗುವ ಸೀಲಿಂಗ್ ಫ್ಯಾನ್ ಅವರಿಗೆ

ಮಾನ್ಯ ಸೀಲಿಂಗ್ ಫ್ಯಾನ್ ಮಹಾಶಯರೇ,

ಗ್ರಂಥಾಲಯದ ಮಹಡಿ ಕೋಣೆಯ ನಟ್ಟನಡುವೆ ಕೊಕ್ಕೆಗೆ ನೇತುಬಿದ್ದು, ಕೆಳಗೆ ಕೂತವರ ನೆತ್ತಿಗಳನ್ನೆಲ್ಲ ಸಮಭಾವದಿಂದ ನೋಡುತ್ತಾ, ಯಾರ ಪರವನ್ನೂ ವಹಿಸದೆ ವರ್ಷಗಟ್ಟಲೆ ಸೇವೆ ಸಲ್ಲಿಸುತ್ತಿರುವ ತಮ್ಮ ಸನ್ನಿಧಾನಕ್ಕೆ, ಈ ಕೆಳಗೆ ಸಹಿ ಮಾಡಿರುವ ನಾನು ಅನಂತ ವಂದನೆಗಳೊಂದಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ದೆಸೆಯಿಂದ ನನ್ನ ಮಾನ ಹೋಗಿದೆ. ಪತ್ರದ ಮೊದಲಲ್ಲೇ ಹೀಗೆ ದೂರು ಹೇಳುವುದು ಶಿಷ್ಟಾಚಾರವಲ್ಲ, ಮೊದಲು ತಮ್ಮ ಯೋಗಕ್ಷೇಮ ವಿಚಾರಿಸಬೇಕು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಯೋಗಕ್ಷೇಮ ವಿಚಾರಿಸಲು ಹೋಗಿ ನಾನು ಪಟ್ಟ ಪಾಡು ಮುಂದೆ ಬರಲಿರುವುದರಿಂದ ಆ ಭಾಗವನ್ನು ಬಿಟ್ಟಿದ್ದೇನೆ. ಈ ಪತ್ರವನ್ನು ಕೋಣೆಯ ಬಾಗಿಲಿಗೆ ಅಂಟಿಸುತ್ತಿದ್ದೇನೆ. ಅಷ್ಟು ಎತ್ತರದಿಂದ ತಮಗೆ ಅಕ್ಷರ ಕಾಣಿಸದಿದ್ದಲ್ಲಿ, ಓದಬಲ್ಲ ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕೆಂದು ಕೋರಿಕೆ.

ನನ್ನ ಪರಿಚಯ ತಮಗಿರಲಾರದು. ನಾನು ಎರಡು ರಸ್ತೆ ಆಚೆಗಿರುವ ಹಲ್ಲಿನ ಆಸ್ಪತ್ರೆಯಲ್ಲಿ ಮುಂದಿನ ಮೇಜಿನವಳು. ಬಂದವರಿಗೆ ನಗುಮುಖ ತೋರಿಸಿ, ಹೆಸರು ಬರೆದುಕೊಂಡು, ಒಳಗಿನಿಂದ ಹಲ್ಲು ಕೊರೆಯುವ ಸದ್ದು ಬಂದಾಗ ಅದು ಕಿವಿಗೆ ಬೀಳದಂತೆ ಅವರನ್ನು ಮಾತಿಗೆ ಎಳೆಯುವುದು ನನ್ನ ಉದ್ಯೋಗ. ಈ ನಗು ನನಗೆ ಹುಟ್ಟಿನಿಂದ ಬಂದದ್ದಲ್ಲ. ಚಿಕ್ಕಂದಿನಲ್ಲಿ ಅಕ್ಕ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ, "ಇಷ್ಟು ಹಲ್ಲು ಸಾಕು, ಇದಕ್ಕಿಂತ ಜಾಸ್ತಿ ತೋರಿಸಿದ್ರೆ ಜನ ಹೆದರ್ಕೋತಾರೆ" ಎಂದು ಅಳತೆ ಹಾಕಿ ಕಲಿಸಿದ್ದು. ಎದುರಿನವರ ಕಣ್ಣಿನಲ್ಲಿ ಎಷ್ಟು ಹೊತ್ತು ಕಣ್ಣಿಡಬೇಕು, ಯಾವಾಗ ತೆಗೆಯಬೇಕು, "ಅಯ್ಯೋ ಪಾಪ" ಎನ್ನುವುದನ್ನು ಮಾತಿನ ಯಾವ ತಿರುವಿನಲ್ಲಿ ಸೇರಿಸಬೇಕು, ಯಾರು ಏನೇ ಹೇಳಿದರೂ "ನನಗೂ ಹಾಗೇನೇ" ಎಂದು ಹೇಗೆ ಮುಗಿಸಬೇಕು ಎಂಬುದೆಲ್ಲ ನಾನು ಜನರನ್ನು ನೋಡಿ ನೋಡಿ ಗಳಿಸಿದ ವಿದ್ಯೆ. ಹೀಗೆ ದಿನವಿಡೀ ಚೆನ್ನಾಗಿದ್ದು ಮನೆಗೆ ಬಂದರೆ, ದೀಪ ಹಾಕದ ಬಚ್ಚಲುಮನೆಯಲ್ಲಿ ಒಂದಷ್ಟು ಹೊತ್ತು ಗೋಡೆಗೆ ಒರಗಿ ಕೂರುವ ತನಕ ನನ್ನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಅದು ಅಕ್ಕನೊಬ್ಬಳಿಗೇ ಗೊತ್ತಿತ್ತು.

ತಲೆಯಲ್ಲಿ ನರೆ ಕಾಣಿಸಿಕೊಂಡ ಮೇಲೆ ಡಾಕ್ಟರೊಬ್ಬರು ನನ್ನನ್ನು ಕೂರಿಸಿಕೊಂಡು ಬಹಳ ಹೊತ್ತು ಪ್ರಶ್ನೆ ಕೇಳಿ, ಇದಕ್ಕೆ ಆಟಿಸಂ ಎನ್ನುತ್ತಾರೆ, ಹುಟ್ಟಿದಾಗಿನಿಂದಲೂ ನೀವು ಹೀಗೆಯೇ ಎಂದರು. ಅಕ್ಕ ಅತ್ತಳು. ನಾನು, ಅಂತೂ ಇದಕ್ಕೊಂದು ಹೆಸರಿದೆಯಲ್ಲ ಎಂದು ಸಮಾಧಾನಪಟ್ಟೆ. ಕಣ್ಣೊರೆಸಿಕೊಂಡ ಅಕ್ಕನೇ ನಾಲ್ಕು ಕಡೆ ವಿಚಾರಿಸಿ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ಸೇರುವ ಈ ಕೂಟದ ಸುದ್ದಿ ತಂದಳು. "ಎಲ್ಲಾ ನಿನ್ನಂಥೋರೇ ಅಂತೆ ಕಣೇ, ಅಲ್ಲಾದ್ರೂ ಹೊಂದ್ಕೋತೀಯ" ಎಂದಳು. ಅವಳು ಹೇಳಿದ ಆ "ಅಲ್ಲಾದ್ರೂ" ಎನ್ನುವ ಮಾತನ್ನು ಗಂಟು ಕಟ್ಟಿಕೊಂಡು ನಾನು ತಮ್ಮ ಮೆಟ್ಟಿಲು ಹತ್ತಿದೆ. ಇಲ್ಲಿಯೂ ಹೊಂದಿಕೊಳ್ಳದಿದ್ದರೆ ಇನ್ನು ಹೋಗಲು ಬೇರೆ ಜಾಗವಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ದಿನದ ವೃತ್ತಾಂತವನ್ನು ತಾವು ಮೇಲಿನಿಂದ ಕಣ್ಣಾರೆ ಕಂಡವರು. ನಾನು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಅಕ್ಕ ಅಳತೆ ಹಾಕಿದ ನಗುವನ್ನು ಧರಿಸಿ, ಬಾಗಿಲ ಬಳಿ ಕೂತಿದ್ದ ಬೀಗ ರಿಪೇರಿಯವರಿಗೆ, ಅಂದರೆ ಎಲ್ಲರೂ ಬೀಗದಣ್ಣ ಎಂದು ಕರೆಯುವವರಿಗೆ, "ನಮಸ್ಕಾರ, ಚೆನ್ನಾಗಿದ್ದೀರಾ?" ಎಂದೆ. ಅವರು ಪ್ರಶ್ನೆಯನ್ನು ಗಂಭೀರವಾಗಿ ಪರಿಗಣಿಸಿ, ಕಣ್ಣು ಮುಚ್ಚಿ, ತಲೆಯಿಂದ ಶುರುಮಾಡಿ ಕುತ್ತಿಗೆ, ಹೊಟ್ಟೆ, ಸೊಂಟ ಎಂದು ಕೆಳಗಿಳಿಯುತ್ತಾ ಪೂರ್ತಿ ವರದಿ ಒಪ್ಪಿಸಿದರು. ಎಡಮಂಡಿಗೆ ಬರುವ ಹೊತ್ತಿಗೆ ನಾನು ಅಭ್ಯಾಸಬಲದಿಂದ "ಅಯ್ಯೋ ಪಾಪ, ನನಗೂ ಹಾಗೇನೇ" ಎಂದುಬಿಟ್ಟೆ. "ಯಾವ ಮಂಡಿ?" ಎಂದು ಕೇಳಿದರು. ಸ್ವಾಮಿ, ನನ್ನ ಎರಡು ಮಂಡಿಗಳೂ ಕಲ್ಲಿನ ಹಾಗೆ ಗಟ್ಟಿಮುಟ್ಟಾಗಿವೆ. "ಎಡದ್ದೇ" ಎಂದೆ. ಅಂದಿನಿಂದ ಆ ಪುಣ್ಯಾತ್ಮರು ಪ್ರತಿವಾರ ನನ್ನ ಎಡಮಂಡಿಯನ್ನು ತಪ್ಪದೆ ವಿಚಾರಿಸಿಕೊಂಡು ಬಂದಿದ್ದಾರೆ, ಅವರ ಮನಸ್ಸು ನೋಯಬಾರದೆಂದು ನಾನು ಮೆಟ್ಟಿಲ ಮೇಲೆ ಕುಂಟಿಕೊಂಡು ಬಂದಿದ್ದೇನೆ.

ಅದೇ ದಿನ ಪಾಚಿ ಮೇಡಂ ಅವರ ಪರಿಚಯವೂ ಆಯಿತು. ಅವರು ಸಂಬಳಕ್ಕೆ ತೆರಿಗೆ ಕಚೇರಿಯವರು, ಪ್ರೀತಿಗೆ ಹಳೆಯ ಗೋಡೆಗಳ ಮೇಲೆ ಬೆಳೆಯುವ ಪಾಚಿಯವರು. ಹಸಿ ಗೋಡೆಯಲ್ಲಿ ಯಾವ ಪಾಚಿ ಎಲ್ಲಿ ಬೆಳೆಯುತ್ತದೆ ಎಂದು ಅವರು ಹೇಳುತ್ತಿರುವಾಗ ನಾನು ನಗುತ್ತಾ, ತಲೆಯಾಡಿಸುತ್ತಾ, ಅವರ ಕಣ್ಣಿನಲ್ಲೇ ಕಣ್ಣಿಟ್ಟು ಕೇಳಿದೆ. ಸ್ವಲ್ಪ ಹೊತ್ತು ಸಹಿಸಿಕೊಂಡ ಅವರು "ನಿಮಗೇನಾದ್ರೂ ಹಲ್ಲು ನೋವಾ?" ಎಂದು ಕನಿಕರದಿಂದ ಕೇಳಿ, ನನ್ನ ಉತ್ತರಕ್ಕೂ ಕಾಯದೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಪಾಚಿಯ ಕಥೆಯನ್ನು ಗೋಡೆಗೇ ಮುಂದುವರಿಸಿದರು. ಹಾಗೆ ತಿರುಗಿಸಿಕೊಳ್ಳಲು ಈ ಕೋಣೆಯಲ್ಲಿ ಎಲ್ಲರಿಗೂ ಹಕ್ಕಿದೆ, ಅದಕ್ಕೆ ಯಾರೂ ಬೇಸರಪಡುವಂತಿಲ್ಲ ಎಂದು ಕೂಟ ನಡೆಸುವ ಲೈಬ್ರರಿಯಮ್ಮ ನನಗೆ ಆಮೇಲೆ ತಿಳಿಸಿದರು. ನಾನು "ಖಂಡಿತಾ ಬೇಸರ ಇಲ್ಲ" ಎಂದು ನಗುತ್ತಾ ಹೇಳಿ, ಅಂದು ರಾತ್ರಿ ಊಟ ಅರ್ಧಕ್ಕೇ ಬಿಟ್ಟು ಎದ್ದುಬಿಟ್ಟೆ.

ನನ್ನ ವ್ಯಥೆ ಏನೆಂದು ತಮಗೀಗ ಅರ್ಥವಾಗಿರಬಹುದು. ಹೊರಗಿನ ಲೋಕದಲ್ಲಿ ಸಲ್ಲಬೇಕೆಂದು ಅರ್ಧ ಆಯುಸ್ಸು ಸವೆಸಿ ಕಲಿತ ವಿದ್ಯೆಯನ್ನು ನಾನು ನನ್ನವರ ನಡುವೆ ಖರ್ಚು ಮಾಡಲು ಹೋದರೆ, ಅದು ಇಲ್ಲಿ ಚಲಾವಣೆಯಲ್ಲೇ ಇಲ್ಲ. ಇಲ್ಲಿ ಒಬ್ಬರು ಇನ್ನೊಬ್ಬರಿಗೆ ಬೆನ್ನು ಹಾಕಿ ಕೂತು ಗಂಟೆಗಟ್ಟಲೆ ಮಾತಾಡದೆ ಇರುತ್ತಾರೆ, ಹೊರಡುವಾಗ "ಇವತ್ತು ಚೆನ್ನಾಗಿತ್ತು" ಎನ್ನುತ್ತಾರೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸುಮ್ಮನೆ ಕೂರುವುದು ಹೇಗೆಂದು ಕಲಿಯಲು ಅವರನ್ನೇ ನೋಡುತ್ತಾ ಕೂತರೆ, "ಯಾಕೆ ನೋಡ್ತಿದ್ದೀರಿ?" ಎಂದು ಕೇಳಿಬಿಡುತ್ತಿದ್ದರು.

ಇಷ್ಟಾದರೂ ನಾನು ಹೇಗೋ ಕಾಲ ಹಾಕುತ್ತಿದ್ದೆ, ಮಹಾಶಯರೇ, ನಡುವೆ ತಾವು ಬಾಯಿ ಹಾಕದಿದ್ದರೆ. ಎರಡನೇ ನಂಬರಿನಲ್ಲಿ ತಿರುಗುವಾಗ ತಾವು ಹೊರಡಿಸುವ ಆ "ಕಟಕ್ ಕಟಕ್" ಎಂಬ ನಾದವನ್ನು ಬೀಗದಣ್ಣ ಮೆಚ್ಚಿಕೊಂಡರು. "ಈ ಸದ್ದಿದ್ರೇನೇ ನನ್ನ ತಲೆ ನೆಟ್ಟಗಿರುತ್ತೆ" ಎಂದರು. ನಾನು "ನನಗೂ ಹಾಗೇನೇ, ಒಂಥರಾ ಜೋಗುಳ ಇದ್ದಹಾಗೆ" ಎಂದೆ. ಮರುವಾರ ಪಾಚಿ ಮೇಡಂ ಕಿವಿ ಮುಚ್ಚಿಕೊಂಡು, "ಇದನ್ನ ಯಾರಾದ್ರೂ ಕಿತ್ತು ಬಿಸಾಕಬಾರ್ದಾ" ಎಂದು ಗೋಗರೆದಾಗ, "ನನಗೂ ಹಾಗೇನೇ, ತಲೆ ಚಿಟ್ಟು ಹಿಡಿದುಹೋಗುತ್ತೆ" ಎಂದೆ. ಹಲ್ಲಿನ ಆಸ್ಪತ್ರೆಯಲ್ಲಿ ಇದಕ್ಕೆ ಸೌಜನ್ಯ ಎನ್ನುತ್ತಾರೆ. ಅಲ್ಲಿ ನಾನು ಒಂದೇ ಬೆಳಿಗ್ಗೆ ಸೆಕೆ ಎಂದವರಿಗೂ ಚಳಿ ಎಂದವರಿಗೂ ಒಪ್ಪಿಗೆ ಸೂಚಿಸಿದ್ದೇನೆ, ಇಬ್ಬರೂ ಸಂತೋಷವಾಗಿ ಹಲ್ಲು ಕೀಳಿಸಿಕೊಂಡು ಹೋಗಿದ್ದಾರೆ. ಇಲ್ಲಿನವರು ಹೇಳಿದ್ದನ್ನು ಹೇಳಿದ ಹಾಗೆಯೇ ನಂಬಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ ಎಂಬ ಸಂಗತಿ ನನಗೆ ಹೊಳೆಯಲೇ ಇಲ್ಲ.

ಹೋದ ತಿಂಗಳು ಲೈಬ್ರರಿಯಮ್ಮ ಇದನ್ನು ಇತ್ಯರ್ಥ ಮಾಡಲೆಂದು, ಫ್ಯಾನ್ ಇರಲಿ ಎನ್ನುವವರು ಕಿಟಕಿಯ ಕಡೆಗೂ ಬೇಡ ಎನ್ನುವವರು ಕಪಾಟಿನ ಕಡೆಗೂ ಕುರ್ಚಿ ಹಾಕಿಕೊಳ್ಳಬೇಕೆಂದು ಹೇಳಿದರು. ನಾನು ಆಸ್ಪತ್ರೆಯಿಂದ ತಡವಾಗಿ, ಕುಂಟಿಕೊಂಡು, ಬಾಗಿಲು ತಳ್ಳಿದಾಗ ಎರಡೂ ಕಡೆ ಸಮಸಮ ಜನ ಕೂತಿದ್ದರು. ಕಿಟಕಿಯ ಕಡೆ ಬೀಗದಣ್ಣ ತಮ್ಮ ಪಕ್ಕದ ಕುರ್ಚಿಯ ಮೇಲೆ ಉಪಕರಣಗಳ ಚೀಲ ಇಟ್ಟು ನನಗಾಗಿ ಜಾಗ ಹಿಡಿದಿದ್ದರು. ಕಪಾಟಿನ ಕಡೆ ಪಾಚಿ ಮೇಡಂ ತಮ್ಮ ಶಾಲು ಹಾಸಿ ಇನ್ನೊಂದು ಕುರ್ಚಿ ಹಿಡಿದಿದ್ದರು. ಶಾಲೆಯಲ್ಲಾಗಲಿ, ಬಸ್ಸಿನಲ್ಲಾಗಲಿ, ಸಹೋದ್ಯೋಗಿಗಳ ಕೂಟದಲ್ಲಾಗಲಿ, ನನಗಾಗಿ ಯಾರೂ ಯಾವತ್ತೂ ಜಾಗ ಹಿಡಿದವರಲ್ಲ. ಆವತ್ತು ಎರಡೆರಡು ಕಡೆ ಹಿಡಿದಿದ್ದರು. ನಾನು ಎರಡನ್ನೂ ನೋಡುತ್ತಾ ಸರಿಯಾಗಿ ತಮ್ಮ ಕೆಳಗೆ ನಿಂತು, ನನಗೆ ಬರುವುದು ಅದೊಂದೇ ಆದ್ದರಿಂದ, ನಕ್ಕೆ.

"ನಗ್ಬೇಡಿ, ಹೇಳಿ. ಸುಳ್ಳು ಹೇಳಿದ್ದು ನನಗಾ, ಅವರಿಗಾ?" ಎಂದು ಪಾಚಿ ಮೇಡಂ ಕೇಳಿದರು. ಅದರಲ್ಲಿ ಕೋಪವಿರಲಿಲ್ಲ, ಮಾಹಿತಿ ಬೇಕಿತ್ತು ಅಷ್ಟೆ, ಅದೇ ನನ್ನನ್ನು ಕೊಂದದ್ದು. "ಇಬ್ಬರಿಗೂ" ಎಂದೆ. ಬೀಗದಣ್ಣ ಯೋಚಿಸಿ "ಮಂಡಿ?" ಎಂದರು. "ಮಂಡಿನೂ" ಎಂದೆ. ಲೈಬ್ರರಿಯಮ್ಮ, "ಹೋಗ್ಲಿ, ನಿಮಗೇನು ಇಷ್ಟ ಅದನ್ನ ಹೇಳಿ, ಮುಗೀತು" ಎಂದರು. ನಾನು ಬಾಯಿ ತೆರೆದೆ. ಒಳಗೆ ಏನೂ ಇರಲಿಲ್ಲ, ಮಹಾಶಯರೇ. ಫ್ಯಾನ್ ಬೇಕೋ ಬೇಡವೋ ಎಂದು ಈ ವಯಸ್ಸಿನ ಹೆಂಗಸಿಗೆ ಗೊತ್ತಿರಲಿಲ್ಲ. "ಗೊತ್ತಿಲ್ಲ" ಎಂದಾಗ ಒಬ್ಬರು ಚೀಲವನ್ನೂ ಒಬ್ಬರು ಶಾಲನ್ನೂ ಎತ್ತಿಕೊಂಡರು. ನಾನು ಮೆಟ್ಟಿಲಿಳಿದು ಬಂದೆ, ಆವತ್ತು ಕುಂಟಲಿಲ್ಲ.

ಇನ್ನು ತಿರುಗಿ ಹೋಗುವುದಿಲ್ಲ ಎಂದೇ ಅಕ್ಕನಿಗೆ ಹೇಳಿದ್ದೆ. ಆದರೆ ಲೈಬ್ರರಿಯಮ್ಮ ಫೋನು ಮಾಡಿ, "ಯಾರೂ ಇಲ್ಲದಾಗ ಬನ್ನಿ. ಫ್ಯಾನ್ ಹಾಕಿ ನೋಡಿ, ಆರಿಸಿ ನೋಡಿ, ಏನನ್ಸುತ್ತೆ ಅಂತ ತಿಳ್ಕೊಳ್ಳಿ" ಎಂದು, ಏನೋ ಕನ್ನಡಕ ಹಾಕಿ ನೋಡಲು ಹೇಳುವವರ ಹಾಗೆ ಹೇಳಿದರು. ಹೀಗಾಗಿ ಒಂದು ಮಧ್ಯಾಹ್ನ ನಾನು ಮತ್ತು ತಾವು ಇಬ್ಬರೇ ಆ ಕೋಣೆಯಲ್ಲಿದ್ದೆವು. ತಮ್ಮನ್ನು ಹಾಕಿದೆ, ಆರಿಸಿದೆ, ಮತ್ತೆ ಹಾಕಿದೆ. ಹೂಂಗುಟ್ಟಲು ಎದುರಿಗೆ ಯಾರೂ ಇಲ್ಲದ್ದರಿಂದ ಮೊದಮೊದಲು ಏನೂ ಅನಿಸಲಿಲ್ಲ, ಅಳು ಬಂತು. ಆಮೇಲೆ ನಿಧಾನವಾಗಿ ತಿಳಿಯಿತು. ತಮ್ಮ ಕಟಕ್ ಕಟಕ್ ಬಗ್ಗೆ ನನ್ನ ತಕರಾರೇನೂ ಇಲ್ಲ, ನಿಜ ಹೇಳಬೇಕೆಂದರೆ ಇಷ್ಟವೇ. ನನಗೆ ಆಗದಿರುವುದು ತಮ್ಮ ಗಾಳಿ. ಹಣೆಯ ಮೇಲಿನ ಕೂದಲನ್ನು ಅದು ಎತ್ತಿ ಎತ್ತಿ ಹಾಕುವಾಗ ಮೈಮೇಲೆ ಇರುವೆ ಬಿಟ್ಟಂತಾಗುತ್ತದೆ. ಆಸ್ಪತ್ರೆಯ ಮೇಜಿನ ಮೇಲೆ ನನ್ನ ಮುಖಕ್ಕೇ ತಿರುಗಿಸಿಟ್ಟ ಪುಟ್ಟ ಫ್ಯಾನಿನ ಎದುರು ನಾನು ಇಷ್ಟು ವರ್ಷ "ತಂಪಾಗಿದೆ, ಥ್ಯಾಂಕ್ಸ್" ಎನ್ನುತ್ತಾ ಕೂತಿದ್ದೆ. ಸಂಜೆ ಬಚ್ಚಲುಮನೆಗೆ ಹೋಗಿ ಯಾಕೆ ಕೂರುತ್ತಿದ್ದೆ ಎಂಬುದರಲ್ಲಿ ಒಂದು ಪಾಲಾದರೂ ಅಂದು ಅರ್ಥವಾಯಿತು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ತಾವು ಎಂದಿನಂತೆ ತಿರುಗುತ್ತಿರಬೇಕು, ಆದರೆ ಗಾಳಿ ಬಿಡಕೂಡದು. ಕಿಟಕಿಯ ಕಡೆಯವರಿಗೆ ಕೇಳಿಸುವಂತೆಯೂ ಕಪಾಟಿನ ಕಡೆಯವರಿಗೆ ಕೇಳಿಸದಂತೆಯೂ ಸದ್ದು ಮಾಡಬೇಕು. ಯಾರು ಗುಂಡಿ ಒತ್ತಿದರೂ ತಿರುಗಿಬಿಡುವ, ಯಾರು ಒತ್ತಿದರೂ ನಿಂತುಬಿಡುವ ತಮ್ಮ ಒಪ್ಪಿಕೊಳ್ಳುವ ಸ್ವಭಾವವನ್ನು ನಾನು ಬಹುಕಾಲ ಆದರ್ಶವಾಗಿ ಇಟ್ಟುಕೊಂಡಿದ್ದವಳು, ತಮ್ಮಂಥ ಹೊಂದಾಣಿಕೆಯವರು ಈ ಊರಿನಲ್ಲೇ ಇಲ್ಲ ಎಂದು ಎಲ್ಲಿ ಬೇಕಾದರೂ ಬರೆದುಕೊಡುತ್ತೇನೆ. ಒಮ್ಮೆ ಬಿಡುವು ಮಾಡಿಕೊಂಡು, ತಿರುಗುವುದು ತಮಗೆ ಇಷ್ಟವೋ ಇಲ್ಲವೋ ಎಂದು ತಾವೂ ಯೋಚಿಸಬೇಕು.

ಇದೇ ಕೋರಿಕೆಯನ್ನು ನಾನು ಮೊನ್ನೆಯ ಕೂಟದಲ್ಲಿ, ನಗದೆ, ನೆಲ ನೋಡಿಕೊಂಡು, ಬಾಯಿಬಿಟ್ಟು ಹೇಳಿದೆ. "ಸದ್ದು ಇರಲಿ. ಗಾಳಿ ಬೇಡ." ಹೊರಗಡೆ ಎಲ್ಲಾದರೂ ಹೇಳಿದ್ದರೆ ಗೊಳ್ಳೆಂದು ನಗುತ್ತಿದ್ದರು. ಇಲ್ಲಿ ಯಾರೂ ನಗಲಿಲ್ಲ. ಅದು ಸಾಧ್ಯವೋ ಅಲ್ಲವೋ ಎಂದು ಕೂಟ ಮುಗಿಯುವ ತನಕ ಚರ್ಚೆಯಾಯಿತು. ಬೀಗದಣ್ಣ, ನನ್ನನ್ನು ನಂಬಲು ಇನ್ನೂ ಸಮಯ ಬೇಕು ಎಂದು ಲೈಬ್ರರಿಯಮ್ಮನ ಬಳಿ ನನಗೆ ಕೇಳಿಸುವಂತೆಯೇ ಹೇಳಿದರು. ಅದು ನ್ಯಾಯವೇ, ನೋವಾದದ್ದೂ ನಿಜವೇ. ಪಾಚಿ ಮೇಡಂ ಮಾತ್ರ ಕೆಂಪಗಾಗಿ, "ಆ ಸದ್ದು ಚೆನ್ನಾಗಿದೆ ಅಂತೀರಲ್ಲ, ನಿಮ್ಮ ಮಾತು ನನಗೆ ಒಂಚೂರೂ ಒಪ್ಪಿಗೆ ಇಲ್ಲ" ಎಂದು ಜಗಳಕ್ಕೇ ನಿಂತರು. ನಾನೂ ಬಿಡಲಿಲ್ಲ. ಗ್ರಂಥಾಲಯದ ಬಾಗಿಲು ಹಾಕುವ ತನಕ ವಾದಿಸಿದೆವು, ಬೀದಿಗೆ ಬಂದು ಬಸ್ಸು ಬರುವ ತನಕವೂ ವಾದಿಸಿದೆವು. ನನ್ನ ಜೊತೆ ಹೀಗೆ ಯಾರೂ ಜಗಳವಾಡಿರಲಿಲ್ಲ. ಎಲ್ಲದಕ್ಕೂ ಹೂಂ ಎನ್ನುವವಳ ಜೊತೆ ಯಾರು ತಾನೇ ಏನೆಂದು ಜಗಳವಾಡಿಯಾರು? ಬಸ್ಸು ಹತ್ತಿದವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮುಂದಿನ ವಾರ ತಪ್ಪಿಸ್ಕೋಬೇಡಿ, ನಂದಿನ್ನೂ ಮುಗಿದಿಲ್ಲ" ಎಂದರು.

ತಮ್ಮ ಸದ್ದಿಗೆ ಮನಸೋತ, ಗಾಳಿಗೆ ಮುಖ ತಿರುಗಿಸಿ ಕೂತ, ತಮ್ಮ ವಿಶ್ವಾಸಿ,
ಹಲ್ಲಿನ ಆಸ್ಪತ್ರೆಯ ಮುಂದಿನ ಮೇಜಿನವಳು

ಮರೆತ ಮಾತು: ಚರ್ಚೆಯ ಕೊನೆಗೆ, ತಮ್ಮ ರೆಕ್ಕೆಗಳನ್ನಷ್ಟೇ ಬಿಚ್ಚಿ ಮೋಟಾರನ್ನು ಹಾಗೇ ಬಿಟ್ಟರೆ ಸದ್ದೂ ಉಳಿಯುತ್ತದೆ, ಗಾಳಿಯೂ ಹೋಗುತ್ತದೆ ಎಂಬ ಸಲಹೆ ಬಂದಿದ್ದು, ಮುಂದಿನ ವಾರ ಅದು ಬೇಕೋ ಬೇಡವೋ ಎಂದು ಮತ್ತೆ ಎರಡು ಕಡೆ ಕುರ್ಚಿ ಹಾಕಲಿದ್ದಾರೆ. ತಮಗೆ ಬೇಸರವಾಗುವುದಾದರೆ ಅದಕ್ಕೆ ಮೊದಲೇ ಬಾಯಿಬಿಟ್ಟು ಹೇಳಿ. ನನ್ನ ಕುರ್ಚಿಯಂತೂ ಯಾವ ಕಡೆ ಎಂದು ಈಗಲೇ ಗೊತ್ತಾಗಿದೆ.