ತಪ್ಪೇ ಮಾಡದ ಕಾಕಾರ ಫ್ರಿಜ್ಜು

ನಮ್ಮ ಕಾಕಾ ಜೀವನದಲ್ಲಿ ಒಂದೇ ಒಂದು ತಪ್ಪನ್ನೂ ಮಾಡಿದವರಲ್ಲ. ನಂಬಿಕೆ ಬಾರದಿದ್ದರೆ ಅವರನ್ನೇ ಕೇಳಿ! ವಾಡಿ ಸ್ಟೇಷನ್ನಿನಲ್ಲಿ ರೈಲು ತಪ್ಪಿದರೆ ಅವಸರ ರೈಲಿನದು. ಒಮ್ಮೆ ಚಿತ್ತಾಪುರದ ಮದುವೆಗೆ ಒಂದು ದಿನ ತಡವಾಗಿ ಹೋಗಿ, ಹಂದರ ಬಿಚ್ಚುತ್ತಿದ್ದವರಿಗೇ, "ನನಗ ಹೇಳಲಾರದ ಒಂದ ದಿನ ಮೊದಲೇ ಮದುವಿ ಮುಗಸೀರೇನು?" ಎಂದು ಜಬರಿಸಿ, ಉಳಿದ ಹುಗ್ಗಿ ಉಂಡು ಬಂದಿದ್ದರು.

ಎಂಬತ್ತರ ದಶಕದ ಆರಂಭ. ಶಹಾಬಾದಿನ ನಮ್ಮ ಓಣಿಗೆಲ್ಲ ಇದ್ದದ್ದು ಕಾಕಾರ ಮನೆಯ ಫ್ರಿಜ್ಜೊಂದೇ. ಓಣಿಯವರ ಬೆಣ್ಣೆ, ಹಾಲು, ಹೂವಿನ ದಂಡೆ ಎಲ್ಲ ಅದರೊಳಗೆ. ಆದರೆ ಬಾಗಿಲಿನ ಒಂದು ಮೂಲೆಗೆ ಮಾತ್ರ ಯಾರೂ ಕೈ ಹಾಕುವಂತಿರಲಿಲ್ಲ. ಅಲ್ಲಿ ಪಕ್ಕದ ಮನೆಯ ಟೇಲರ್ ಚಾಚಾರ ಮಗಳು ಸಲೀಮಾಳ ಇನ್ಸುಲಿನ್ ಬಾಟಲಿ ಇರುತ್ತಿತ್ತು. ಕಾಲೇಜು ಓದುವ ಹುಡುಗಿಗೆ ದಿನವೂ ಆ ಸೂಜಿ ಬೇಕು. ಸೆಕೆಗೆ ಔಷಧಿ ಕೆಟ್ಟರೆ ಅವಳ ಜೀವಕ್ಕೇ ಕುತ್ತು.

ಫ್ರೀಜರಿನಲ್ಲಿ ಮಂಜು ಕಟ್ಟಿದರೆ ನೀವು, ನಾವು ಏನು ಮಾಡುತ್ತೇವೆ? ಸ್ವಿಚ್ ಆರಿಸಿ ಕಾಯುತ್ತೇವೆ. ಕಾಯುವುದು ಸೋಮಾರಿಗಳ ಕೆಲಸ ಎಂಬುದು ಕಾಕಾರ ಸಿದ್ಧಾಂತ. ಬದನೆಕಾಯಿ ಹೆಚ್ಚುವ ಚಾಕು ತಂದು ಮಂಜು ಕೆತ್ತುವುದೇ ಅವರ ಪದ್ಧತಿ. ಒಂದು ಮೇ ತಿಂಗಳ ಮಧ್ಯಾಹ್ನ ಹಾಗೆ ಕೆತ್ತುವಾಗ ಒಳಗಿಂದ 'ಸುಯ್ಯ್' ಎಂದಿತು. ಕಾಕಾ ಮೆಲ್ಲಗೆ ಬಾಗಿಲು ಮುಚ್ಚಿ, ಚಾಕುವನ್ನು ಕಾಯಿಪಲ್ಲೆ ಬುಟ್ಟಿಯಲ್ಲಿಟ್ಟು, ಪೇಪರ್ ಓದತೊಡಗಿದರು. ಸಂಜೆಗೆ ಬೆಣ್ಣೆ ಕರಗಿ ಹರಿಯಿತು.

"ಕರೆಂಟ್ ವೀಕ್ ಅದ," ಎಂದರು ಕಾಕಾ. ಮರುದಿನ, "ಮಾಲೇ ಖರಾಬ್ ಅದ," ಎಂದರು. ಕಾಕಿ ಇನ್ಸುಲಿನ್ ಬಾಟಲಿಯನ್ನು ಹೊಸ ಮಡಿಕೆಯಲ್ಲಿಟ್ಟು, ಸುತ್ತ ಒದ್ದೆ ಬಟ್ಟೆ ಸುತ್ತಿ, ವಾಡಿಯ ಉಸ್ತಾದರಿಗೆ ಹೇಳಿ ಕಳಿಸಿದರು. ಅವರು ಆ ಭಾಗದ ಫ್ರಿಜ್ಜುಗಳ ಡಾಕ್ಟರು. ಸಣ್ಣ ಸಿಲಿಂಡರು ಹೆಗಲಿಗೇರಿಸಿಕೊಂಡು ಬಂದರು.

"ಗ್ಯಾಸ್ ಲೀಕ್ ಆಗ್ಯಾದ ಸಾಬ್."

"ಮತ್ತ ವಾಸನಿ ಎಲ್ಲದ?"

"ಇದಕ್ಕ ವಾಸನಿ ಇರಂಗಿಲ್ರಿ."

"ವಾಸನಿ ಇಲ್ಲದ್ದು ಎಂಥಾ ಗ್ಯಾಸೋ ಮಾರಾಯ!"

ಉಸ್ತಾದರು ಸಿಲಿಂಡರಿನಿಂದ ಫ್ರಿಜ್ಜಿನ ಕೊಳವೆಗೆ ಚೂರು ಗ್ಯಾಸ್ ಬಿಟ್ಟು, ಸಾಬೂನಿನ ನೊರೆ ಕೇಳಿದರು. ಕಾಕಿ ತಂದುಕೊಟ್ಟದ್ದು ಕಾಕಾರ ದಾಡಿ ಬ್ರಶ್ಶು! ಫ್ರೀಜರು ಹಜಾಮರ ಅಂಗಡಿಯ ಗಿರಾಕಿಯಂತೆ ಮುಖ ತುಂಬ ನೊರೆ ಬಳಿದುಕೊಂಡು ಕೂತಿತು. ಬಲಗಡೆ ಒಂದು ದೊಡ್ಡ ಗುಳ್ಳೆ ಎದ್ದಿತು.

"ಚಾಕು ತಾಕ್ಯಾದ. ಯಾರ ಹೊಡದಾರ್ರಿ?"

"ಬೆಕ್ಕ ಬಂದಿತ್ತು," ಎಂದರು ಕಾಕಾ.

"ಚಾಕು ಹಿಡ್ಕೊಂಡು ಬಂದಿತ್ತೇನ್ರಿ?" ಎಂದರು ಕಾಕಿ.

ಉಸ್ತಾದರು ನಗಲಿಲ್ಲ. "ಸಾಬ್, ಈ ಸಿಲಿಂಡರಿನಾಗ ಒಂದ ಸಲ ತುಂಬೋ ಅಷ್ಟೇ ಗ್ಯಾಸ್ ಅದ. ಮತ್ತ ಬರ್ಬೇಕಂದ್ರ ಒಂದ ವಾರ. ಬ್ರಶ್ ಹೋಗದ ಜಾಗದಾಗ ಇನ್ನೊಂದು ತೂತಿದ್ರ ಎಲ್ಲಾ ಗಾಳಿಗಿ ಹೋಗ್ತದ. ಬೆಕ್ಕ ಮತ್ತೆಲ್ಲರೆ ಹೊಡದದೇನ್ರಿ?"

ಕಾಕಾ ಪೇಪರ್ ಕೈಗೆತ್ತಿಕೊಂಡರು. ಅಷ್ಟರಲ್ಲಿ ಸಲೀಮಾ ಸೂಜಿಯ ಹೊತ್ತಾಯಿತೆಂದು ಬಂದಳು. ಮಡಿಕೆಯಿಂದ ಬಾಟಲಿ ತೆಗೆದು ಕೆನ್ನೆಗೆ ಒತ್ತಿಕೊಂಡು ನೋಡಿದಳು. ಎಲ್ಲರ ಮುಖ ನೋಡಿ ನಕ್ಕಳು.

"ಥಂಡ್ ಅದ ಕಾಕಾ. ನೀವು ಚಿಂತಿ ಮಾಡಬ್ಯಾಡ್ರಿ."

ನಮ್ಮ ಊರಿನ ಮೇ ತಿಂಗಳಲ್ಲಿ ಅಷ್ಟು ಥಂಡಿ ಎಲ್ಲಿಂದ ಬರಬೇಕು? ಅದು ಅವಳಿಗೂ ಗೊತ್ತಿತ್ತು, ಕಾಕಾರಿಗೂ ಗೊತ್ತಿತ್ತು.

"ಉಸ್ತಾದ್," ಎಂದರು ಕಾಕಾ. "ಕೆಳಗ, ಹಿಂದಿನ ಮೂಲಿಗಿ ಕೈ ಹಾಕಿ ನೋಡು. ಅಲ್ಲೂ ಒಂದ ಹೊಡದೀನಿ. ಬೆಕ್ಕಲ್ಲ, ನಾನೇ. ತಪ್ಪು ನಂದೇ."

ಮದುವೆಯಾದಂದಿನಿಂದ ಈ ಮಾತಿಗಾಗಿ ಕಾದಿದ್ದ ಕಾಕಿ, ಗೆದ್ದೆನೆಂದು ಕುಣಿಯಬೇಕಿತ್ತಲ್ಲ? ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾ ಮಾಡಲು ಒಳಗೆ ಹೋದರು. ಎರಡೂ ತೂತು ಮುಚ್ಚಿ, ಅಂಟು ಒಣಗಿ, ಗ್ಯಾಸ್ ತುಂಬುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಯಿತು. ಅಲ್ಲಿಯವರೆಗೂ ಕಾಕಾ ಮಡಿಕೆಯ ಬಳಿಯೇ ಕೂತು ಬಟ್ಟೆಗೆ ನೀರು ಚಿಮುಕಿಸುತ್ತಿದ್ದರು.

ಆಮೇಲೆ ಫ್ರೀಜರಿನಲ್ಲಿ ಎಷ್ಟೋ ಸಲ ಮಂಜು ಕಟ್ಟಿತು. ಪ್ರತಿ ಸಲವೂ ಕಾಕಾ ಸ್ವಿಚ್ ಆರಿಸಿ, ಸಲೀಮಾಳ ಬಾಟಲಿಯಿದ್ದ ಮಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಂಜು ಹನಿಹನಿಯಾಗಿ ಕರಗುವವರೆಗೂ ಕಾಯುತ್ತಾ ಕೂತಿರುತ್ತಿದ್ದರು.